ಬೇಡಿಕೆ ಬಿಡುವ ದಿನಗಳು

ಸೀಗಿ ಹುಣ್ಣಿಮೆಗೆ ಗದಗ ಸೀಮೆಯ ಅಂತೂರ ಬೆಂತೂರದ ಎರಿಹೊಲಗಳಲ್ಲಿ ಬನ್ನಿ ಮರದ ಬುಡಕ್ಕೋ ಬೆಳೆಯ ನಡುವಿಗೋ ಎಡೆ ಇಟ್ಟು, ಚರಗ ಚೆಲ್ಲಿ, ಬಂದವರೆಲ್ಲ ಅಲ್ಲೇ ಕೂತು ಉಣ್ಣುತ್ತಾರೆ. ಅದೇ ಹುಣ್ಣಿಮೆಯ ಬೆಳಕಿನಲ್ಲಿ ಜೆರುಸಲೇಮಿನಲ್ಲೂ ಮುಂಬೈಯ ಯೆಹೂದಿ ಓಣಿಗಳಲ್ಲೂ ಮಂದಿ ಹಸಿ ಸೊಪ್ಪು ಹೊದಿಸಿದ ಚಪ್ಪರದ ಕೆಳಗೆ ಊಟಕ್ಕೆ ಕೂತಿರುತ್ತಾರೆ. ಅವರ ಸುಗ್ಗಿ ಹಬ್ಬದ ಹೆಸರು ಸುಕ್ಕೋತ್. 2024ರಲ್ಲಿ, 2025ರಲ್ಲಿ ಎರಡೂ ಹಬ್ಬಗಳು ಒಂದೇ ಹುಣ್ಣಿಮೆಗೆ ಬಂದವು. ಯೆಹೂದಿಗಳ ತಿಂಗಳೂ ನಮ್ಮ ಹಾಗೆ ಅಮಾವಾಸ್ಯೆ ಕಳೆದ ಮೇಲೆ ಶುರುವಾಗುತ್ತದೆ, ಹದಿನೈದನೆಯ ದಿನಕ್ಕೆ ಹುಣ್ಣಿಮೆ. ಅವರಿಗೂ ಅಧಿಕ ಮಾಸವಿದೆ, ಹತ್ತೊಂಬತ್ತು ವರ್ಷದಲ್ಲಿ ಏಳು ಸಲ. ಅದು ಬೀಳುವ ವರ್ಷ ನಮ್ಮದಕ್ಕೆ ತಾಳೆಯಾಗದಿದ್ದಾಗ ಹಬ್ಬಗಳು ಒಂದು ತಿಂಗಳು ಆಚೀಚೆ ಸರಿಯುತ್ತವೆ. ಅಷ್ಟು ಬಿಟ್ಟರೆ ಎರಡೂ ಪಂಚಾಂಗಗಳು ಒಂದೇ ಚಂದ್ರನ ಹಿಂದೆ ನಡೆಯುತ್ತವೆ.

ಇವತ್ತಿನ ಅಂಕಣದ ವಿಷಯ ಆ ಹಬ್ಬವಲ್ಲ. ಹಬ್ಬದ ಬೆಳಿಗ್ಗೆ ಯೆಹೂದಿಗಳ ಪ್ರಾರ್ಥನೆಯಲ್ಲಿ ಏನು ಇರುವುದಿಲ್ಲ ಎಂಬುದು. ದಿನಾಲೂ ಹೇಳುವ ಒಂದು ಮೊರೆಯನ್ನು ಕೆಲವು ದಿನ ಬೇಕೆಂದೇ ಬಿಡುತ್ತಾರೆ. ಯಾವ ದಿನ ಬಿಡಬೇಕು, ಯಾರು ಬಂದಾಗ ಬಿಡಬೇಕು ಎಂದು ಶತಮಾನಗಟ್ಟಲೆ ಕೂತು ಯೋಚಿಸಿದ್ದಾರೆ. ಧರ್ಮಗಳು ದೇವರನ್ನು ಹೇಗೆ ಬೇಡಬೇಕು ಎಂದು ಕಲಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಯಾವಾಗ ಬೇಡಬಾರದು ಎಂದು ಇಷ್ಟು ಅಕ್ಕರೆಯಿಂದ ಕಲಿಸಿದ ಇನ್ನೊಂದು ಸಂಪ್ರದಾಯವನ್ನು ನಾನು ಓದಿಲ್ಲ.

ಯೆಹೂದಿಗಳಿಗೆ ದಿನಕ್ಕೆ ಮೂರು ಹೊತ್ತಿನ ಪ್ರಾರ್ಥನೆ: ಬೆಳಿಗ್ಗೆ, ಮಧ್ಯಾಹ್ನದ ಮೇಲೆ, ರಾತ್ರಿ. ಸಾಮೂಹಿಕವಾಗಿ ಹೇಳಬೇಕಾದರೆ ಹತ್ತು ಮಂದಿ ಕೂಡಬೇಕು. ಹಳೆಯ ಪದ್ಧತಿಯಲ್ಲಿ ಹತ್ತು ಗಂಡಸರು. ಪ್ರಾರ್ಥನೆಯ ನಡುಮನೆ ಎಂದರೆ ಅಮಿದಾ. ನಿಂತುಕೊಂಡು, ಕಾಲು ಜೋಡಿಸಿ, ತುಟಿ ಮಾತ್ರ ಅಲ್ಲಾಡುವಷ್ಟು ಸಣ್ಣ ದನಿಯಲ್ಲಿ ಹೇಳುವ ಹತ್ತೊಂಬತ್ತು ಆಶೀರ್ವಚನಗಳ ಮಾಲೆ ಅದು. ಬೆಳಿಗ್ಗೆ ಮತ್ತು ಮಧ್ಯಾಹ್ನ ಅದು ಮುಗಿದ ಮೇಲೆ ಬರುವುದೇ ತಹನೂನ್. ತಪ್ಪೊಪ್ಪಿಗೆ, ದಯೆಯ ಯಾಚನೆ, ಕೈಬಿಡಬೇಡ ಎನ್ನುವ ಮೊರೆ. ಯುರೋಪಿನಿಂದ ಹರಡಿದ ಅಶ್ಕೆನಾಜಿ ಯೆಹೂದಿಗಳು ಕೂತು, ಮುಂದಕ್ಕೆ ಬಾಗಿ, ಎದುರಿನ ಹಲಗೆಯ ಮೇಲೆ ತೋಳು ಮಡಚಿ ಹಣೆಯನ್ನು ಅದರ ಮೇಲೆ ಇಟ್ಟು, ಬೈಬಲಿನ ಆರನೆಯ ಕೀರ್ತನೆ ಹೇಳುತ್ತಾರೆ. ತರಗತಿಯಲ್ಲಿ ಅಳು ಬಂದ ಹುಡುಗ ಯಾರಿಗೂ ಕಾಣದಿರಲಿ ಎಂದು ಡೆಸ್ಕಿನ ಮೇಲೆ ತಲೆ ಹಾಕಿದ ಹಾಗೆ ಕಾಣುತ್ತದೆ ಆ ಭಂಗಿ. ಬೆಳಿಗ್ಗೆ ಎಡತೋಳಿಗೆ ಧರ್ಮವಚನದ ಪುಟ್ಟ ಚರ್ಮದ ಪೆಟ್ಟಿಗೆ ಕಟ್ಟಿರುವುದರಿಂದ ಬಲತೋಳಿನ ಮೇಲೆ, ಮಧ್ಯಾಹ್ನ ಎಡತೋಳಿನ ಮೇಲೆ. ಪವಿತ್ರ ಗ್ರಂಥದ ಸುರುಳಿ ಇರುವ ಕೋಣೆಯಲ್ಲಿ ಮಾತ್ರ ಹೀಗೆ ತಲೆ ಇಡುವುದು ವಾಡಿಕೆ. ಸ್ಪೇನ್ ಮತ್ತು ಪೂರ್ವದೇಶಗಳ ಸೆಫಾರ್ದಿ ಪದ್ಧತಿಯವರಲ್ಲಿ ಹೆಚ್ಚಿನವರು ತಲೆ ಇಡುವುದಿಲ್ಲ, ಅವರು ಹೇಳುವುದು ಇಪ್ಪತ್ತೈದನೆಯ ಕೀರ್ತನೆ. ಪೂರ್ತಿ ಮನಸ್ಸಿಲ್ಲದೆ ಮುಖ ಕೆಳಗೆ ಹಾಕಿದರೆ ಜೀವಕ್ಕೇ ಅಪಾಯ ಎಂಬ ಅನುಭಾವಿಗಳ ಎಚ್ಚರಿಕೆ ಅವರನ್ನು ತಡೆದಿದೆ.

ಮೊದಲು ಅದು ತೋಳಿನ ಮೇಲೆ ತಲೆ ಇಡುವುದಾಗಿರಲಿಲ್ಲ, ನೆಲಕ್ಕೇ ಮುಖ ಹಚ್ಚಿ ಬೀಳುವುದಾಗಿತ್ತು. ಹೇಳಬೇಕಾದ ಮಾತೂ ಗೊತ್ತುಮಾಡಿರಲಿಲ್ಲ. ಮೌನ ಪ್ರಾರ್ಥನೆ ಮುಗಿಸಿ ಪ್ರತಿಯೊಬ್ಬನೂ ಬಿದ್ದು, ತನ್ನ ಎದೆಯಲ್ಲಿದ್ದದ್ದನ್ನು ತನ್ನ ಮಾತಿನಲ್ಲೇ ಹೊರಗೆ ಹಾಕುತ್ತಿದ್ದ. ಸೋಮವಾರ ಮತ್ತು ಗುರುವಾರ ಈ ಮೊರೆ ಇನ್ನೂ ಉದ್ದ. ಆ ಎರಡು ದಿನ ಹಳ್ಳಿಯ ಮಂದಿ ಪಟ್ಟಣಕ್ಕೆ ಬರುತ್ತಿದ್ದರು, ನ್ಯಾಯಸಭೆ ಕೂಡುತ್ತಿತ್ತು, ಗ್ರಂಥಪಠಣ ನಡೆಯುತ್ತಿತ್ತು. ಸಂತೆಗೆ ಬಂದವನು ಸರಕನ್ನೂ ಮಾರಿ, ವ್ಯಾಜ್ಯವನ್ನೂ ಮುಂದಿಟ್ಟು, ದೇವರೆದುರು ಅಳುವುದನ್ನೂ ಮುಗಿಸಿಕೊಂಡು ಹೋಗುವ ಏರ್ಪಾಟು.

ಬಿಡುವ ದಿನಗಳ ಬಗ್ಗೆ ಸಿಗುವ ಬಹು ಹಳೆಯ ಸುಳಿವು ಒಂದು ಮನೆಯೊಳಗಿನ ಕಥೆಯಲ್ಲಿದೆ. ತಾಲ್ಮುದ್ ಎಂಬ ಮಹಾಗ್ರಂಥದಲ್ಲಿ ಬರುವ ಕಥೆ, ಒಂದನೆಯ ಶತಮಾನ ಮುಗಿದು ಎರಡನೆಯದು ಹುಟ್ಟುವ ಹೊತ್ತಿನದು. ರಬ್ಬಿ ಎಲಿಯೆಜರ್ ಮಹಾ ಪಂಡಿತ. ಒಂದು ಒಲೆ ಶುದ್ಧವೋ ಅಶುದ್ಧವೋ ಎಂಬ ವಾದದಲ್ಲಿ ಅವನು ಒಂದು ಕಡೆ, ಉಳಿದ ಪಂಡಿತರೆಲ್ಲ ಇನ್ನೊಂದು ಕಡೆ. ಅವನ ಪರವಾಗಿ ಮರ ಕಿತ್ತು ಸರಿಯಿತು, ನೀರು ಹಿಂದಕ್ಕೆ ಹರಿಯಿತು, ಆಕಾಶದಿಂದ ವಾಣಿಯೂ ಕೇಳಿತು. ಆದರೂ ಬಹುಮತವೇ ತೀರ್ಮಾನ ಎಂದು ಸಭೆ ನಿಂತಿತು. ಅವನಿಗೆ ಬಹಿಷ್ಕಾರ ಹಾಕಿತು. ಸಭೆಯ ಮುಖ್ಯಸ್ಥ ರಬ್ಬಾನ್ ಗಮ್ಲಿಯೇಲ್. ಅವನ ತಂಗಿ ಇಮ್ಮಾ ಶಾಲೋಮ್. ಅವಳೇ ಎಲಿಯೆಜರನ ಹೆಂಡತಿ.

ಅಂದಿನಿಂದ ಅವಳು ಗಂಡನಿಗೆ ಮುಖ ನೆಲಕ್ಕೆ ಹಾಕಿ ಬೇಡಲು ಬಿಡಲಿಲ್ಲ. ನೊಂದವನ ಮೊರೆ ಎಲ್ಲಿಗೆ ಮುಟ್ಟುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮುಟ್ಟಿದರೆ ಅಣ್ಣ ಉಳಿಯುವುದಿಲ್ಲ. ಪ್ರಾರ್ಥನೆ ಮುಗಿಯುವ ಹೊತ್ತಿಗೆ ದಿನಾಲೂ ಬಂದು ಅವನನ್ನು ಮಾತಿಗೆಳೆಯುತ್ತಿದ್ದಳು. ಒಂದು ದಿನ ಅಮಾವಾಸ್ಯೆ ಕಳೆದ ತಿಂಗಳ ಮೊದಲ ದಿನ ಎಂದುಕೊಂಡಳು. ಅವತ್ತು ಹೇಗೂ ಬೀಳುವ ಪದ್ಧತಿ ಇಲ್ಲ, ಕಾಯಬೇಕಿಲ್ಲ ಎಂದು ಸುಮ್ಮನಿದ್ದಳು. ತಿಂಗಳಿಗೆ ಇಪ್ಪತ್ತೊಂಬತ್ತು ದಿನವೋ ಮೂವತ್ತೋ ಎಂಬ ಲೆಕ್ಕ ತಪ್ಪಿತ್ತು. ಇನ್ನೊಂದು ಪಾಠದ ಪ್ರಕಾರ ಬಾಗಿಲಿಗೆ ಬಡವನೊಬ್ಬ ಬಂದ, ಅವನಿಗೆ ರೊಟ್ಟಿ ಕೊಡಲು ಹೊರಗೆ ಹೋದಳು. ತಿರುಗಿ ಬಂದಾಗ ಗಂಡ ನೆಲಕ್ಕೆ ಬಿದ್ದಿದ್ದ. ಏಳು, ನನ್ನ ಅಣ್ಣನನ್ನು ಕೊಂದೆ ಎಂದಳು. ಅಷ್ಟರಲ್ಲೇ ಗಮ್ಲಿಯೇಲನ ಮನೆಯಿಂದ ಸಾವಿನ ಕೊಂಬಿನ ದನಿ ಬಂತು. ನಿನಗೆ ಹೇಗೆ ತಿಳಿಯಿತು ಎಂದು ಗಂಡ ಕೇಳಿದ. ಬೇರೆಲ್ಲ ಬಾಗಿಲು ಮುಚ್ಚಿದರೂ ನೊಂದವರ ಬಾಗಿಲು ಮುಚ್ಚುವುದಿಲ್ಲ ಎಂದು ನಮ್ಮ ಅಜ್ಜನ ಮನೆಯಲ್ಲಿ ಕೇಳಿದ್ದೇನೆ ಎಂಬ ಅರ್ಥದ ಉತ್ತರ ಕೊಟ್ಟಳು.

ಈ ಕಥೆಯನ್ನು ಸಾಮಾನ್ಯವಾಗಿ ಮಾತಿನಿಂದ ನೋಯಿಸಬಾರದು ಎಂಬುದಕ್ಕೆ ಹೇಳುತ್ತಾರೆ. ನಮಗೆ ಬೇಕಾದ್ದು ಅದರೊಳಗಿನ ಸಣ್ಣ ಸಂಗತಿ. ತಿಂಗಳ ಮೊದಲ ದಿನ ಯಾರೂ ಮುಖ ಕೆಳಗೆ ಹಾಕುವುದಿಲ್ಲ ಎಂಬುದು ಆ ಹೆಂಗಸಿಗೆ ಮನೆಮಾತಾಗಿತ್ತು. ಅಣ್ಣನ ಜೀವವನ್ನೇ ಆ ಪದ್ಧತಿಯ ಮೇಲೆ ಒತ್ತೆ ಇಡುವಷ್ಟು ಗಟ್ಟಿಯಾಗಿ ನಂಬಿದ್ದಳು. ಈ ಮೊರೆಗೆ ಎಷ್ಟು ಬಲವಿದೆ ಎಂದು ಅವರು ತಿಳಿದಿದ್ದರು ಎನ್ನುವುದೂ ಇದರಿಂದ ಗೊತ್ತಾಗುತ್ತದೆ. ಬಲವಿಲ್ಲದ್ದನ್ನು ಬಿಡುವುದಕ್ಕೆ ಯಾರೂ ನಿಯಮ ಮಾಡುವುದಿಲ್ಲ.

ಮುಂದೆ 12ನೆಯ ಶತಮಾನದಲ್ಲಿ ಈಜಿಪ್ಟಿನ ಫುಸ್ತಾತ್ ಊರಿನಲ್ಲಿ, ಅಂದರೆ ಹಳೆಯ ಕೈರೋದಲ್ಲಿ, ಮೈಮೋನಿದಿಸ್ ಎಂಬ ವೈದ್ಯ, ದಾರ್ಶನಿಕ, ಶಾಸ್ತ್ರಕಾರ ತನ್ನ ಧರ್ಮಸಂಹಿತೆಯಲ್ಲಿ ಬಿಡುವ ದಿನಗಳನ್ನು ಬರೆದಿಟ್ಟ. ಶನಿವಾರದ ವಿಶ್ರಾಂತಿ ದಿನ, ಹಬ್ಬಗಳು, ಹೊಸ ವರ್ಷ, ತಿಂಗಳ ಮೊದಲು, ಹನುಕ್ಕಾ, ಪೂರಿಮ್. ಜೊತೆಗೆ ಶನಿವಾರದ ಮತ್ತು ಹಬ್ಬದ ಹಿಂದಿನ ಮಧ್ಯಾಹ್ನ. ರಾತ್ರಿಯ ಪ್ರಾರ್ಥನೆಯಲ್ಲಂತೂ ಯಾವತ್ತೂ ಇಲ್ಲ. ಇಷ್ಟು ದಿನ ಮುಖ ಕೆಳಗೆ ಹಾಕುವುದಿಲ್ಲ ಎಂಬುದು ಎಲ್ಲ ಯೆಹೂದಿಗಳ ವಾಡಿಕೆ ಎಂದ. ಪ್ರಾಯಶ್ಚಿತ್ತದ ಉಪವಾಸದ ದಿನವಾದ ಯೋಮ್ ಕಿಪ್ಪುರ್ ಮಾತ್ರ ಬೇರೆ, ಅದು ಇಡೀ ದಿನ ಬೇಡುವುದಕ್ಕೇ ಇರುವ ದಿನ ಎಂದ.

ಈ ಮೈಮೋನಿದಿಸನಿಗೆ ಡೇವಿಡ್ ಎಂಬ ತಮ್ಮನಿದ್ದ. ಅಣ್ಣ ಓದಿನಲ್ಲಿ ಮುಳುಗಿದ್ದರೆ ತಮ್ಮ ವ್ಯಾಪಾರ ಮಾಡಿ ಮನೆ ನಡೆಸುತ್ತಿದ್ದ. ಹಿಂದೂ ಮಹಾಸಾಗರದಲ್ಲಿ ಹಡಗು ಮುಳುಗಿ ಸತ್ತ. ಸುದ್ದಿ ಬಂದ ಮೇಲೆ ಸುಮಾರು ಒಂದು ವರ್ಷ ತಾನು ಹಾಸಿಗೆ ಹಿಡಿದಿದ್ದಾಗಿ ಮೈಮೋನಿದಿಸ್ ಪತ್ರವೊಂದರಲ್ಲಿ ಬರೆದುಕೊಂಡಿದ್ದಾನೆ.

ಆ ಸಮುದ್ರದ ಈಚೆ ದಡದಲ್ಲಿ ನಮ್ಮ ಮಂಗಳೂರಿತ್ತು. 1132ರಿಂದ 1149ರ ನಡುವೆ ಅಬ್ರಹಾಂ ಬೆನ್ ಯಿಜು ಎಂಬ ಟ್ಯುನೀಶಿಯಾದ ಯೆಹೂದಿ ವ್ಯಾಪಾರಿ ಅಲ್ಲಿ ನೆಲೆಸಿದ್ದ. ಕಂಚಿನ ಕೆಲಸದ ಕಾರ್ಖಾನೆ ಇಟ್ಟಿದ್ದ. ಮೆಣಸು, ಅಡಿಕೆ, ಯಾಲಕ್ಕಿ ಏಡನ್ನಿಗೆ ಕಳಿಸಿ, ಅಲ್ಲಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ತರಿಸುತ್ತಿದ್ದ. ಆಶು ಎಂಬ ಇಲ್ಲಿಯ ಹೆಣ್ಣುಮಗಳನ್ನು ದಾಸ್ಯದಿಂದ ಬಿಡಿಸಿದ ಪತ್ರ 1132ರ ಅಕ್ಟೋಬರ್ 17ರದು, ಅವಳೇ ಅವನ ಮಕ್ಕಳ ತಾಯಿ ಎಂದು ವಿದ್ವಾಂಸರು ತಿಳಿಯುತ್ತಾರೆ. ಅವನ ವ್ಯವಹಾರ ನೋಡಿಕೊಳ್ಳಲು ದೂರದ ಏಡನ್ನಿಗೆ ಹೋಗಿಬರುತ್ತಿದ್ದವನ ಹೆಸರು ಬೊಮ್ಮ. 1132ರಲ್ಲಿ ಗದಗ, ಲಕ್ಕುಂಡಿಗಳ ಮೇಲೆ ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನ ಆಳಿಕೆ. ಬೆನ್ ಯಿಜುವಿನ ಕಾಗದಪತ್ರಗಳು ಕೊನೆಗೆ ಸೇರಿದ್ದು ಫುಸ್ತಾತಿನ ಸಿನಗಾಗಿನ, ಅಂದರೆ ಯೆಹೂದಿ ಪ್ರಾರ್ಥನಾಮಂದಿರದ, ಕೋಣೆಯೊಂದಕ್ಕೆ. ಅವುಗಳನ್ನು ಎಸ್.ಡಿ. ಗೊಯ್ಟೈನ್ ಜೋಡಿಸಿದರು, ಅಮಿತಾವ್ ಘೋಷ್ 1992ರ ತಮ್ಮ ಪುಸ್ತಕದಲ್ಲಿ ಲೋಕಕ್ಕೆ ಹೇಳಿದರು. ವ್ಯಾಪಾರಿಯಾಗಿದ್ದರೂ ಬೆನ್ ಯಿಜು ಶಾಸ್ತ್ರ ಬಲ್ಲವ, ಹೀಬ್ರೂವಿನಲ್ಲಿ ಪ್ರಾರ್ಥನಾಗೀತೆ ಕಟ್ಟಿದವ. ತನ್ನವರು ಕೆಲವರೇ ಇದ್ದ ಈ ದಡದಲ್ಲಿ ತಿಂಗಳು ಯಾವತ್ತು ಮೂಡಿತು ಎಂದು ಅವನೂ ಲೆಕ್ಕ ಇಟ್ಟಿರಲೇಬೇಕು. ಆ ಲೆಕ್ಕವಿಲ್ಲದೆ ಯೆಹೂದಿಗೆ ಹಬ್ಬವೂ ಇಲ್ಲ, ಬಿಡುವ ದಿನವೂ ಇಲ್ಲ.

ಮೈಮೋನಿದಿಸನ ಪಟ್ಟಿ ಚಿಕ್ಕದು. ಕಾಲ ಕಳೆದಂತೆ ಅದು ಬೆಳೆಯಿತು. ವಸಂತದ ನಿಸಾನ್ ತಿಂಗಳು, ನಮ್ಮ ಯುಗಾದಿಯ ಹೊತ್ತಿನದು, ಇಡೀ ತಿಂಗಳು ತಹನೂನ್ ಇಲ್ಲ. ಮರುಭೂಮಿಯಲ್ಲಿ ದೇವರ ಗುಡಾರ ಎತ್ತಿದಾಗ ಹನ್ನೆರಡು ಕುಲದ ಹನ್ನೆರಡು ಮುಖ್ಯಸ್ಥರು ದಿನಕ್ಕೊಬ್ಬರಂತೆ ಕಾಣಿಕೆ ತಂದರು, ಹೀಗೆ ಮೊದಲ ಹನ್ನೆರಡು ದಿನ ಹಬ್ಬ. ಹದಿನೈದಕ್ಕೆ ಬಿಡುಗಡೆಯ ಹಬ್ಬವಾದ ಪಸ್ಕಾ ಶುರು. ತಿಂಗಳ ಹೆಚ್ಚಿನ ಪಾಲು ಹಬ್ಬದಲ್ಲೇ ಕಳೆದ ಮೇಲೆ ಉಳಿದ ದಿನಗಳನ್ನು ಯಾಕೆ ಬೇರೆ ಮಾಡಬೇಕು ಎಂಬುದು ವಾದ. ಚಳಿಗಾಲದ ಹನುಕ್ಕಾ ಎಂಟು ದಿನದ ದೀಪದ ಹಬ್ಬ, ಎಷ್ಟೋ ವರ್ಷ ನಮ್ಮ ಎಳ್ಳ ಅಮಾವಾಸ್ಯೆ ಅದರ ನಡುವೆ ಬೀಳುತ್ತದೆ. ಪೂರಿಮ್ ನಮ್ಮ ಕಾಮನ ಹುಣ್ಣಿಮೆಯ ಆಸುಪಾಸಿಗೆ ಬರುತ್ತದೆ, ಅಲ್ಲೂ ವೇಷ, ಗದ್ದಲ, ನಗೆ. ಅಧಿಕ ಮಾಸದ ವರ್ಷ ಅದಾರ್ ತಿಂಗಳು ಎರಡು ಸಲ ಬರುತ್ತದೆ. ನಿಜವಾದ ಪೂರಿಮ್ ಎರಡನೆಯದರಲ್ಲಿ. ಆದರೂ ಮೊದಲನೆಯದರ ಅದೇ ತಿಥಿಗೂ ತಹನೂನ್ ಬಿಡುತ್ತಾರೆ, ಹಬ್ಬವಿಲ್ಲದಿದ್ದರೂ ಹಬ್ಬದ ತಿಥಿಗೆ ಗೌರವ.

ನನ್ನ ಮನಸ್ಸು ನಿಲ್ಲುವುದು ದೊಡ್ಡ ಹಬ್ಬಗಳಲ್ಲಲ್ಲ, ಪಂಚಾಂಗದ ಮೂಲೆಯಲ್ಲಿರುವ ಸಣ್ಣ ತಿಥಿಗಳಲ್ಲಿ. ಈಯಾರ್ ತಿಂಗಳ ಹದಿನಾಲ್ಕು ಎರಡನೆಯ ಪಸ್ಕಾ. ಹೆಣ ಮುಟ್ಟಿ ಮೈಲಿಗೆಯಾದವರಿಗೆ ಮೊದಲ ಪಸ್ಕಾದ ಬಲಿ ಕೊಡಲಾಗಲಿಲ್ಲ. ನಮ್ಮನ್ನು ಯಾಕೆ ಹೊರಗಿಟ್ಟಿರಿ ಎಂದು ಅವರು ಮೋಶೆಯನ್ನು ಕೇಳಿದರು. ಅವರಿಗಾಗಿ, ದೂರದ ದಾರಿಯಲ್ಲಿದ್ದವರಿಗಾಗಿಯೂ, ಒಂದು ತಿಂಗಳ ಮೇಲೆ ಇನ್ನೊಂದು ದಿನ ಗೊತ್ತಾಯಿತು. ಕೇಳಿದವರಿಗಾಗಿ ಹುಟ್ಟಿದ ದಿನ ಅದು. ಬಲಿ ಕೊಡುತ್ತಿದ್ದ ಜೆರುಸಲೇಮಿನ ಗುಡಿ ಹೋಗಿ ಎರಡು ಸಾವಿರ ವರ್ಷ ಹತ್ತಿರವಾದರೂ ಅವತ್ತು ಎಷ್ಟೋ ಕಡೆ ತಹನೂನ್ ಹೇಳುವುದಿಲ್ಲ.

ಆವ್ ತಿಂಗಳ ಹುಣ್ಣಿಮೆ ಇನ್ನೊಂದು. ಅವತ್ತು ಜೆರುಸಲೇಮಿನ ಹುಡುಗಿಯರು ಬಿಳಿ ಬಟ್ಟೆ ಉಟ್ಟು ದ್ರಾಕ್ಷಿ ತೋಟದಲ್ಲಿ ಕುಣಿಯುತ್ತಿದ್ದರು ಎಂದು ಮಿಶ್ನಾ ಗ್ರಂಥ ಹೇಳುತ್ತದೆ. ಎಲ್ಲರೂ ಬೇರೆಯವರಿಂದ ಕೇಳಿ ತಂದ ಬಟ್ಟೆಯನ್ನೇ ಉಡಬೇಕು. ಇದ್ದವರೂ ಇಲ್ಲದವರೂ ಒಂದೇ ಆಗಬೇಕು, ಇಲ್ಲದವಳು ತಲೆ ತಗ್ಗಿಸಬಾರದು. ಸಿರಿವಂತರ ಮನೆಯ ಮಗಳೂ ಬೇಡಿ ತಂದ ಸೀರೆ ಉಡುವ ದಿನ ದೇವರ ಮುಂದೆ ಬೇಡುವುದಿಲ್ಲ ಎಂದರೆ, ಆ ಎರಡೂ ಒಂದಕ್ಕೊಂದು ಗೊತ್ತಿರುವ ಹಾಗೆ ನನಗೆ ತೋರುತ್ತದೆ. ಇದು ನನ್ನ ಓದು, ಶಾಸ್ತ್ರಕಾರರದ್ದಲ್ಲ.

ಶೆವಾತ್ ತಿಂಗಳ ಹುಣ್ಣಿಮೆ ಮರಗಳ ಹೊಸ ವರ್ಷ. ನಮ್ಮಲ್ಲಿ ಅದು ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಹೊಂದುತ್ತದೆ. ಈ ತಿಥಿಯನ್ನು ನಮ್ಮ ಪಕ್ಕದ ಕೊಂಕಣದ ಬೆನೆ ಇಸ್ರಾಯೇಲ್ ಯೆಹೂದಿಗಳು ತಮ್ಮದೇ ರೀತಿಯಲ್ಲಿ ಹಿಡಿದುಕೊಂಡಿದ್ದಾರೆ. ಅಲಿಬಾಗ್ ಹತ್ತಿರದ ಖಂಡಾಳಾ ಹಳ್ಳಿಗೆ ಪ್ರವಾದಿ ಎಲೀಯ ಬಂದಿದ್ದ, ಬಂಡೆಯ ಮೇಲಿನ ಗುರುತು ಅವನ ರಥದ್ದು ಎಂದು ಅವರ ನಂಬಿಕೆ. ಅವತ್ತು ಅಲ್ಲಿಗೆ ಹೋಗಿ ಮಲಿದಾ ಮಾಡುತ್ತಾರೆ: ನೆನೆಸಿದ ಅವಲಕ್ಕಿ, ತೆಂಗಿನ ತುರಿ, ಸಿಹಿ, ಹಣ್ಣು. ಮೊಹರಂ ಅಲಾಯಿ ದೇವರಿಗೂ ದರ್ಗಾಗಳಿಗೂ ಮಾಲಿದಿ ಒಯ್ಯುವ ಗದಗ ಸೀಮೆಯವರಿಗೆ ಆ ಹೆಸರು ಹೊಸದಲ್ಲ.

ಈ ಬೆನೆ ಇಸ್ರಾಯೇಲರು ಕೊಂಕಣದಲ್ಲಿ ಗಾಣದ ಎಣ್ಣೆ ತೆಗೆಯುತ್ತಿದ್ದರು. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಊರವರು ಅವರನ್ನು ಶನಿವಾರ ತೇಲಿಗಳು ಎಂದರು. ಶತಮಾನಗಳ ಒಂಟಿತನದಲ್ಲಿ ಹೀಬ್ರೂ ಪ್ರಾರ್ಥನೆ ಹೆಚ್ಚೂಕಡಿಮೆ ಮರೆತೇ ಹೋಗಿತ್ತು. ದೇವರು ಒಬ್ಬನೇ ಎಂದು ಸಾರುವ ಶೆಮಾ ಮಾತ್ರ ನಾಲಿಗೆಯಲ್ಲಿ ಉಳಿದಿತ್ತು. ಪ್ರಾರ್ಥನೆಯ ಪೂರ್ತಿ ಕ್ರಮ ಅವರಿಗೆ ಮತ್ತೆ ಬಂದದ್ದು ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ, ಬಹುಪಾಲು ಕೊಚ್ಚಿಯ ಯೆಹೂದಿ ಗುರುಗಳಿಂದ. ಅದರ ನಡುವೆ ನಮ್ಮ ಮೈಸೂರು ಸೀಮೆಯೂ ಬರುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿದ್ದ ಸಾಮ್ಯುಯೆಲ್ ಎಝೆಕಿಯೆಲ್ ದಿವೇಕರ್, ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕೈಗೆ ಸೆರೆಸಿಕ್ಕ. ಟಿಪ್ಪುವಿನ ತಾಯಿ ಇವರು ಬೆನೆ ಇಸ್ರಾಯೇಲರು, ಕುರಾನಿನಲ್ಲಿ ಹೆಸರು ಬಂದವರು ಎಂದು ಅರಿತು ಪ್ರಾಣ ಉಳಿಸಿದಳು ಎಂದು ಸಮುದಾಯದಲ್ಲಿ ಹೇಳಿಕೊಂಡು ಬಂದಿದ್ದಾರೆ. ಬದುಕಿ ಹೋದರೆ ದೇವರಿಗೆ ಮನೆ ಕಟ್ಟಿಸುತ್ತೇನೆ ಎಂದು ಸೆರೆಯಲ್ಲಿ ಹರಕೆ ಹೊತ್ತಿದ್ದ ದಿವೇಕರ್, 1796ರಲ್ಲಿ ಮುಂಬೈಯ ಮಾಂಡವಿಯಲ್ಲಿ ಬೆನೆ ಇಸ್ರಾಯೇಲರ ಮೊದಲ ಸಿನಗಾಗ್ ಕಟ್ಟಿಸಿದ. ಅದರ ಹೆಸರು ಶಆರ್ ಹರಹಮೀಮ್, ಕರುಣೆಯ ಬಾಗಿಲು. ಆ ಸಿನಗಾಗಿಗೆ ಈ ನಾಡಿನ ಸೆರೆಮನೆಯೊಂದರಲ್ಲಿ ಇಟ್ಟ ಮೊರೆಯೇ ಅಡಿಗಲ್ಲು ಎಂಬುದನ್ನು ಕನ್ನಡಿಗರು ತಿಳಿದಿರಬೇಕು.

ಇಷ್ಟು ಪಂಚಾಂಗದ ಮಾತಾಯಿತು. ತಹನೂನ್ ಬಿಡುವುದಕ್ಕೆ ಇನ್ನೊಂದು ದಾರಿ ಇದೆ, ಅದು ತಿಥಿಯದಲ್ಲ, ಮನುಷ್ಯನದು. 16ನೆಯ ಶತಮಾನದಲ್ಲಿ ಯೋಸೆಫ್ ಕಾರೋ ಬರೆದ, 1565ರಲ್ಲಿ ವೆನಿಸಿನಲ್ಲಿ ಅಚ್ಚಾದ ಶುಲ್ಹಾನ್ ಆರೂಖ್ ಇವತ್ತಿಗೂ ಯೆಹೂದಿ ಆಚಾರದ ಆಧಾರಗ್ರಂಥ. ಅದರ ಪ್ರಕಾರ ಸಾವಾದ ಮನೆಯಲ್ಲಿ ತಹನೂನ್ ಇಲ್ಲ, ಮದುಮಗನ ಮನೆಯಲ್ಲಿ ಇಲ್ಲ. ಸಿನಗಾಗಿನಲ್ಲಿ ಗಂಡುಮಗುವಿನ ಸುನ್ನತಿ ಇದ್ದ ದಿನ ಇಲ್ಲ. ಮದುಮಗ ಪ್ರಾರ್ಥನೆಗೆ ಬಂದು ಕೂತಿದ್ದರೂ ಇಲ್ಲ. ಮದುವೆಯಾಗಿ ಏಳು ದಿನ ಅವನು ಮದುಮಗನೇ. ಅಷ್ಟು ದಿನ ಅವನು ಒಳಗೆ ಕಾಲಿಟ್ಟರೆ ಅವನೊಬ್ಬನದಲ್ಲ, ಅಲ್ಲಿ ನೆರೆದ ಎಲ್ಲರ ಮೊರೆಯೂ ನಿಲ್ಲುತ್ತದೆ. ಐವತ್ತು ಜನ ಅವರವರ ತಾಪತ್ರಯ ಹೊತ್ತು ಬಂದಿರುತ್ತಾರೆ, ಒಬ್ಬನ ಮನೆಯಲ್ಲಿ ಕಾಯಿಲೆ, ಒಬ್ಬನಿಗೆ ಸಾಲ. ಮೂಲೆಯಲ್ಲಿ ನಿನ್ನೆ ಮದುವೆಯಾದ ಹುಡುಗ ಕೂತಿದ್ದಾನೆಂದು ಐವತ್ತೂ ಜನ ತಲೆ ಇಡದೆ ಮುಂದಿನ ಪ್ರಾರ್ಥನೆಗೆ ಹೋಗುತ್ತಾರೆ. ಸುನ್ನತಿಯ ದಿನ ಮಗುವಿನ ಅಪ್ಪ, ಮಗುವನ್ನು ತೊಡೆಯ ಮೇಲೆ ಹಿಡಿಯುವವ, ಸುನ್ನತಿ ಮಾಡುವವ, ಇವರಲ್ಲಿ ಒಬ್ಬ ಬಂದಿದ್ದರೂ ಹಾಗೆಯೇ ಎಂದು ರೂಢಿ ಮುಂದುವರಿಯಿತು.

ಸಂತೋಷಕ್ಕೆ ಬಿಡುವುದು ತಿಳಿಯುತ್ತದೆ. ಸಾವಿನ ಮನೆಯಲ್ಲಿ ಯಾಕೆ? ದುಃಖವಾದಾಗಲೇ ಅಲ್ಲವೆ ಬೇಡಬೇಕಾದ್ದು? ಸತ್ತವರ ಮನೆಯವರು ಏಳು ದಿನ ನೆಲದ ಹತ್ತಿರ ಕೂತಿರುತ್ತಾರೆ, ಊರವರು ಅಲ್ಲಿಗೇ ಬಂದು ಹತ್ತು ಮಂದಿ ಕೂಡಿ ಪ್ರಾರ್ಥನೆ ನಡೆಸುತ್ತಾರೆ, ಅಮಿದಾ ಮುಗಿದ ಮೇಲೆ ತಹನೂನ್ ಬಿಟ್ಟು ಮುಂದೆ ಸಾಗುತ್ತಾರೆ. ಶಾಸ್ತ್ರಕಾರರು ಕೊಡುವ ಕಾರಣ ಇದು: ಆ ಮನೆಯ ಮೇಲೆ ದೇವರ ನ್ಯಾಯದ ಕೈ ಆಗಲೇ ಬಿದ್ದಿದೆ. ತಹನೂನ್ ತಪ್ಪೊಪ್ಪಿಗೆಯ ಪ್ರಾರ್ಥನೆ. ಪಾಪ ಮಾಡಿದೆವು, ತೀರ್ಪು ಕೊಡಬೇಡ ಎಂದು ಅಲ್ಲಿ ಕೂತು ಹೇಳಿದರೆ ಆ ತೀರ್ಪನ್ನೇ ಮತ್ತೆ ಕೆದಕಿದಂತೆ. ಮಗನನ್ನು ಕಳೆದುಕೊಂಡವಳ ಎದುರು ನಾವೆಲ್ಲ ಪಾಪಿಗಳು ಎಂದು ಜೋರಾಗಿ ಹೇಳುವುದು ಅವಳಿಗೆ ಹೇಗೆ ಕೇಳಿಸುತ್ತದೆ ಎಂದು ಯಾರೋ ಒಬ್ಬರು ಒಮ್ಮೆ ಯೋಚಿಸಿರಬೇಕು. ನನಗೆ ಈ ನಿಯಮದಷ್ಟು ಮನುಷ್ಯತ್ವ ಇರುವ ನಿಯಮ ಈ ಪಟ್ಟಿಯಲ್ಲಿ ಇನ್ನೊಂದು ಕಾಣುವುದಿಲ್ಲ.

ನಮ್ಮ ಕಡೆಯ ಪದ್ಧತಿಯ ಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಕಾಣುತ್ತದೆ. ನಮ್ಮಲ್ಲೂ ಹೆರಿಗೆಯಾದರೆ, ಸಾವಾದರೆ ಪೂಜೆ ನಿಲ್ಲುತ್ತದೆ. ವೈದಿಕ ಮನೆಗಳಲ್ಲಿ ದಿನಗಟ್ಟಲೆ ಸೂತಕ, ದೇವರ ಪೆಟ್ಟಿಗೆ ಮುಟ್ಟುವಂತಿಲ್ಲ. ಅಲ್ಲಿ ನಿಲ್ಲುವುದಕ್ಕೆ ಕಾರಣ ಮೈಲಿಗೆ. 12ನೆಯ ಶತಮಾನದ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದೂ ಸೂತಕಗಳನ್ನು ಕಿತ್ತುಹಾಕಿದರು. ಲಿಂಗ ಕಟ್ಟಿಕೊಂಡವನಿಗೆ ಹೆಣದ ಮುಂದೆಯೂ ಪೂಜೆ ತಪ್ಪಬಾರದು. ಮೈಲಿಗೆಯ ಹೆಸರಿನಲ್ಲಿ ಮನುಷ್ಯನನ್ನು ದೇವರಿಂದ ದೂರ ಇಡುವುದಕ್ಕೆ ಅವರು ಕೊಟ್ಟ ಉತ್ತರ ಅದು, ಈ ಸೀಮೆಯವನಾಗಿ ನಾನು ಅದಕ್ಕೆ ತಲೆಬಾಗುತ್ತೇನೆ. ಯೆಹೂದಿ ಪದ್ಧತಿ ಇವೆರಡರಲ್ಲಿ ಯಾವುದೂ ಅಲ್ಲ. ಸತ್ತ ಮನೆಯಲ್ಲಿ ಅವರು ಪ್ರಾರ್ಥನೆ ನಿಲ್ಲಿಸುವುದಿಲ್ಲ, ಊರೇ ಎದ್ದು ಪ್ರಾರ್ಥನೆಯನ್ನು ಆ ಮನೆಗೆ ತರುತ್ತದೆ. ಅದರೊಳಗಿಂದ ನೋಯಿಸಬಹುದಾದ ಒಂದು ಭಾಗವನ್ನು ಮಾತ್ರ ಎತ್ತಿ ಪಕ್ಕಕ್ಕೆ ಇಡುತ್ತದೆ.

ವರ್ಷದಲ್ಲಿ ಒಂದು ದಿನ ಇಡೀ ಸಮುದಾಯವೇ ಸಾವಾದ ಮನೆಯ ಹಾಗೆ ಕೂತಿರುತ್ತದೆ. ಆವ್ ತಿಂಗಳ ಒಂಬತ್ತನೆಯ ದಿನ, ನಮ್ಮ ಆಷಾಢ, ಶ್ರಾವಣಗಳ ಹೊತ್ತಿನ ನವಮಿ. ಕ್ರಿಸ್ತಪೂರ್ವ 586ರಲ್ಲಿ ಬಾಬಿಲೋನಿನವರು ಜೆರುಸಲೇಮಿನ ಮೊದಲ ಗುಡಿಯನ್ನು, ಕ್ರಿಸ್ತಶಕ 70ರಲ್ಲಿ ರೋಮಿನವರು ಎರಡನೆಯದನ್ನು ಸುಟ್ಟ ನೆನಪಿನ ದಿನ ಇದು. ಉಪವಾಸ ಮಾಡಿ, ಚರ್ಮದ ಚಪ್ಪಲಿ ಬಿಟ್ಟು, ನೆಲದ ಮೇಲೆ ಕೂತು ಶೋಕಗೀತೆ ಓದುತ್ತಾರೆ. ಅವತ್ತೂ ತಹನೂನ್ ಇಲ್ಲ. ಬೈಬಲಿನ ಪ್ರಲಾಪಗಳ ಪುಸ್ತಕ ಆ ದುರಂತದ ಹೊತ್ತನ್ನು ದೇವರು ಗೊತ್ತುಮಾಡಿದ ಹಬ್ಬದ ದಿನಕ್ಕೆ ಬಳಸುವ ಮಾತಿನಲ್ಲೇ ಕರೆದಿದೆ, ಮುಂದೊಂದು ಕಾಲಕ್ಕೆ ಈ ಉಪವಾಸ ಸಂತೋಷವಾಗಿ ತಿರುಗುತ್ತದೆ ಎಂದು ಪ್ರವಾದಿ ಜೆಕರ್ಯ ಹೇಳಿದ್ದಾನೆ. ಇನ್ನೂ ಬಾರದ ಆ ಹಬ್ಬದ ಲೆಕ್ಕ ಹಿಡಿದು ಇವತ್ತೇ ಬೇಡಿಕೆ ಬಿಡುತ್ತಾರೆ.

ಬಿಡುವುದಕ್ಕೆ ಶಾಸ್ತ್ರದಲ್ಲಿ ಇಷ್ಟು ಸಲಿಗೆ ಹೇಗೆ ಸಿಕ್ಕಿತು? 9ನೆಯ ಶತಮಾನದಲ್ಲಿ ಇರಾಕಿನ ಸೂರಾ ವಿದ್ಯಾಪೀಠದ ಮುಖ್ಯಸ್ಥನಾಗಿದ್ದ ನಾತ್ರೊನಾಯ್ ಗಾಓನ್, ಸಭೆಯಲ್ಲಿ ಮುಖ ಕೆಳಗೆ ಹಾಕುವುದು ಕಡ್ಡಾಯವಲ್ಲ, ಐಚ್ಛಿಕ ಎಂದು ಹೇಳಿದ್ದ. ಆ ಮಾತಿಗೆ ಜೋತುಬಿದ್ದು ನಂತರದವರು ಸಣ್ಣ ಕಾರಣಕ್ಕೂ ಬಿಡಬಹುದು ಎಂದರು. ಪೂರ್ವ ಯುರೋಪಿನ ಹಸಿದೀ ಪಂಥದವರಂತೂ ತಮ್ಮ ಗುರುಗಳು ತೀರಿಕೊಂಡ ತಿಥಿಗೆ ತಹನೂನ್ ಬಿಡುತ್ತಾರೆ. ಗುರುವಿನ ಸಾವಿನ ದಿನ ಅವರಿಗೆ ಹಬ್ಬ. ಲಕ್ಷ್ಮೇಶ್ವರದ ದೂದನಾನಾ ದರ್ಗಾದ ಉರುಸು, ಶಿರಹಟ್ಟಿಯ ಫಕೀರೇಶ್ವರ ಮಠದ ಜಾತ್ರೆ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗುರುಗಳು ಹೆಚ್ಚಿದಂತೆ ಬಿಡುವ ದಿನಗಳೂ ಹೆಚ್ಚಿದವು, ಇದಕ್ಕೆ ಬೇರೆ ಪಂಥದ ರಬ್ಬಿಗಳ ಆಕ್ಷೇಪವೂ ಇದೆ. 1948ರ ನಂತರ ಹೊಸ ಜಗಳ ಬಂತು. ಇಸ್ರೇಲಿನ ಸ್ವಾತಂತ್ರ್ಯದ ದಿನ ಕೆಲವರು ಬಿಡುತ್ತಾರೆ, ಆ ರಾಜ್ಯಕ್ಕೆ ಧಾರ್ಮಿಕ ಅರ್ಥ ಒಪ್ಪದ ಕೆಲವರು ಪಟ್ಟು ಹಿಡಿದು ಹೇಳುತ್ತಾರೆ. ಒಂದು ಸಿನಗಾಗ್ ಲೋಕವನ್ನು ಹೇಗೆ ನೋಡುತ್ತದೆ ಎಂಬುದು ಅವತ್ತಿನ ಬೆಳಿಗ್ಗೆ ಆ ಎರಡು ನಿಮಿಷದಲ್ಲಿ ಹೊರಗೆ ಬೀಳುತ್ತದೆ.

ಮದುಮಗನ ವಿಷಯದಲ್ಲೂ ಎಲ್ಲರೂ ಒಂದೇ ಮಾತಿನವರಲ್ಲ. ಒಬ್ಬನ ಸಂತೋಷಕ್ಕಾಗಿ ಊರಿನ ಮೊರೆ ನಿಲ್ಲಬಾರದು, ಆದ್ದರಿಂದ ಮದುಮಗ ಆ ಏಳು ದಿನ ಸಿನಗಾಗಿಗೆ ಬರದೆ ಬೇರೆ ಕಡೆ ಪ್ರಾರ್ಥನೆ ಮಾಡಲಿ ಎಂದು ಕೆಲವು ಹಿರಿಯ ಶಾಸ್ತ್ರಕಾರರು ಬರೆದರು. ಅವರ ಕಳಕಳಿ ಸುಳ್ಳಲ್ಲ. ಕಾಯಿಲೆಯ ಮನೆಯಿಂದ ಬಂದವನಿಗೆ ಅವತ್ತಿನ ಮೊರೆ ಬೇಕೇ ಬೇಕು. ಆದರೆ ಅವನಿಗೆ ದಾರಿ ಮುಚ್ಚಿಲ್ಲ: ಅಮಿದಾದಲ್ಲಿ ರೋಗಿಗಳಿಗಾಗಿ ಬೇಡುವ ಆಶೀರ್ವಚನ ಆಗಲೇ ಮುಗಿದಿದೆ, ಅದನ್ನು ಮದುಮಗ ಬಂದರೂ ಯಾರೂ ಬಿಡುವುದಿಲ್ಲ. ಬಿಡುವುದು ಅಳುವಿನ ಆ ಕೊನೆಯ ಭಾಗವನ್ನು ಮಾತ್ರ. ಹೊಸದಾಗಿ ಮದುವೆಯಾದ ಹುಡುಗನನ್ನು ಊರಿನಿಂದ ಬಚ್ಚಿಡುವುದಕ್ಕಿಂತ ಅವನನ್ನು ಒಳಗೆ ಕೂರಿಸಿಕೊಂಡು ತಮ್ಮ ಅಳುವನ್ನು ಒಂದು ಹೊತ್ತು ತಡೆದುಕೊಳ್ಳುವುದು ಮೇಲು ಎಂದು ನನ್ನ ಎಣಿಕೆ. ಹೆಚ್ಚಿನ ಸಿನಗಾಗುಗಳ ರೂಢಿಯೂ ಹಾಗೆಯೇ ಉಳಿದಿದೆ: ಮದುಮಗ ಬರುತ್ತಾನೆ, ಅಮಿದಾ ಮುಗಿಯುತ್ತದೆ, ಪ್ರಾರ್ಥನೆ ನಡೆಸುವವನು ತಹನೂನಿಗೆ ನಿಲ್ಲದೆ ನೇರವಾಗಿ ದೇವರ ಹೆಸರನ್ನು ಕೊಂಡಾಡುವ ಕದ್ದೀಶ್ ಎತ್ತಿಕೊಳ್ಳುತ್ತಾನೆ.